ಇಂಟರ್ನ್‌ಗಳಿಗೆ: ‘ಯಾಕೆ’ ಬೇಡ, ‘ಬಿಟ್ಟರೆ ಏನಾಗುತ್ತೆ’ ಅಂತ ಕೇಳಿ

ಆಫೀಸಿನ ಹಳೇ ಪದ್ಧತಿ ಸರಿ ಅನ್ನಿಸದಿದ್ದರೆ "ಇದನ್ನ ಯಾಕೆ ಹೀಗೆ ಮಾಡ್ತೀರಿ?" ಅನ್ನಬೇಡಿ. "ಈ ಹಂತ ಬಿಟ್ಟರೆ ಎಲ್ಲಿ ತೊಂದರೆ ಆಗುತ್ತೆ ಸರ್?" ಅಂತ ಕೇಳಿ. ಅದಕ್ಕೂ ಮೊದಲು ಅವರು ಹೇಳಿದ ಹಾಗೇ ಒಂದು ಸಲ ಪೂರ್ತಿ ಮಾಡಿ ಮುಗಿಸಿರಿ. ‘ಯಾಕೆ’ ಅಂದ ತಕ್ಷಣ ತಪ್ಪು ಹುಡುಕಿದ ಹಾಗೆ ಕೇಳಿಸುತ್ತೆ, ಎದುರಿನವರು ಸಮರ್ಥನೆಗೆ ಇಳಿಯುತ್ತಾರೆ. ‘ಬಿಟ್ಟರೆ’ ಅಂದರೆ ಹಳೆಯದನ್ನು ನೆನಪು ಮಾಡಿಕೊಳ್ಳುತ್ತಾರೆ. ಒಂದೇ ಲೆಕ್ಕವನ್ನು ಎರಡು ಎಕ್ಸೆಲ್ ಶೀಟಿಗೆ ಕೈಯಲ್ಲೇ ತುಂಬಿಸುತ್ತಿದ್ದಾರೆ ಅಂದುಕೊಳ್ಳಿ. ಕೇಳಿದಾಗ "ಮೊದಲನೇ ಶೀಟನ್ನು ಎಲ್ಲರೂ ತಿದ್ದುತ್ತಾರೆ, ಎರಡನೇದು ತಾಳೆ ನೋಡೋಕೆ" ಅನ್ನಬಹುದು. ಸುಮ್ನೆ ಕೆಲಸ ಅಂದುಕೊಂಡಿದ್ದಕ್ಕೆ ಕಾರಣ ಸಿಕ್ಕಿತು, ಅಲ್ವಾ? ಅಥವಾ ಒಂದು ಕ್ಷಣ ತಡೆದು "ಈಗ ಬೇಕಾಗಿಲ್ಲವೇನೋ" ಅಂತ ಅವರೇ ಅನ್ನಬಹುದು. ಆಗ ಬದಲಾವಣೆ ಅವರ ಬಾಯಿಂದಲೇ ಬಂದಿರುತ್ತೆ, ನೀವು ವಾದ ಮಾಡೋದೇ ಬೇಡ. ಮೀಟಿಂಗ್‌ನಲ್ಲಿ ಹತ್ತು ಜನರ ಮುಂದೆ ಇದು ನಡೆಯಲ್ಲ, ಡೆಡ್‌ಲೈನ್ ದಿನವೂ ಅಷ್ಟೇ. ಪ್ರಾಣಕ್ಕೆ ಅಪಾಯ ಇರುವ ಕಡೆಯಂತೂ ಈ ನಯ ಬೇಡವೇ ಬೇಡ. 1977ರಲ್ಲಿ ಸ್ಪೇನ್‌ನ ಟೆನೆರೀಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ, ಟೇಕಾಫ್‌ಗೆ ಹೊರಟಾಗ, ಎದುರಿನ ವಿಮಾನ ರನ್‌ವೇ ಬಿಟ್ಟಿಲ್ಲವೇ ಅಂತ ಫ್ಲೈಟ್ ಇಂಜಿನಿಯರ್ ಪ್ರಶ್ನೆಯ ರೂಪದಲ್ಲಷ್ಟೇ ಕೇಳಿದ್ದರು. ಬಿಟ್ಟಿದೆ ಅಂದುಕೊಂಡ ಕ್ಯಾಪ್ಟನ್ ಮುಂದುವರಿದರು. ಎರಡೂ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಅಂಥ ಕಡೆ ಪ್ರಶ್ನೆ ಕೇಳಬೇಡಿ, "ನಿಲ್ಲಿಸಿ" ಅಂತ ನೇರವಾಗಿ ಹೇಳಿ. ನೀವು ಸೇರಿ ಎರಡೇ ದಿನ ಆಗಿದ್ದರೂ ಸರಿ.