ಮನೆ ಮುಂದೆ ನಿಂತ ಹಳೇ ಜಪಾನಿ ಕಾರುಗಳು: ದಾವಣಗೆರೆಯಲ್ಲಿ ನನ್ನ ಹುಡುಕಾಟ

ದಾವಣಗೆರೆಯಲ್ಲಿ ಹಳೇ ಜಪಾನಿ ಕಾರು ನೋಡಲು ಹೋಗುತ್ತೇನೆ ಅಂದರೆ ಜನ ನಗುತ್ತಾರೆ. ಅವರ ಲೆಕ್ಕದಲ್ಲಿ ಇಲ್ಲಿರುವುದು ಮಾರುತಿ, ಜಪಾನ್ ಎಲ್ಲಿಂದ ಬಂತು? ಆದರೆ 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಕೀ ಕೊಟ್ಟ ಮೊದಲ ಮಾರುತಿ 800 ಸುಜುಕಿಯ ಕಾರೇ ಅಲ್ವಾ? ಜಪಾನಿನಲ್ಲಿ ಅದಕ್ಕೆ ಫ್ರಾಂಟೆ, ಆಲ್ಟೊ ಅಂತ ಹೆಸರು. ನಮ್ಮ ಓಮ್ನಿ ಅಲ್ಲಿ ಕ್ಯಾರಿ. ಜಿಪ್ಸಿ ಅಂದರೆ ಉದ್ದ ಮಾಡಿದ ಜಿಮ್ನಿ. 1990ರ ಮಾರುತಿ 1000 ಅಲ್ಲಿ ಕಲ್ಟಸ್. ಸ್ಕೈಲೈನ್, ಸೆಲಿಕಾದಂಥ ಜಪಾನಿನ ಸ್ಪೋರ್ಟಿ ಕಾರು ಬೇಕು ಅನ್ನುವವರು ಬೇರೆ ಊರು ನೋಡಿಕೊಳ್ಳಬೇಕು. ನನಗೆ ಇವೇ ಸಾಕು. ಶೋಗಾಗಿ ಪಾಲಿಶ್ ಹೊಡೆಸಿದ ಗಾಡಿಗಿಂತ, ತರಕಾರಿ ತರಲು ಹೋಗಿ ಬರುವ ಹಳೇ 800 ನನಗೆ ಜಾಸ್ತಿ ಇಷ್ಟ.

ನಾನು ಹೊರಡುವುದು ಭಾನುವಾರ ಬೆಳಗ್ಗೆ, ಬಿಸಿಲು ಏರುವ ಮುಂಚೆ. ಆ ಹೊತ್ತಿಗೆ ಕಾರುಗಳೆಲ್ಲ ಮನೆ ಮುಂದೆಯೇ ಇರುತ್ತವೆ. ಪಿ.ಜೆ. ಬಡಾವಣೆ, ಎಂಸಿಸಿ ಎ ಬ್ಲಾಕ್, ವಿದ್ಯಾನಗರದ ಹಳೇ ಸಾಲುಗಳು ಒಳ್ಳೆಯ ಜಾಗ. ನಿವೃತ್ತ ಮೇಷ್ಟ್ರು, ಡಾಕ್ಟರು, ಬ್ಯಾಂಕಿನವರು ಇರುವ ಕಡೆ ಒಂದೇ ಮಾಲೀಕರ ಕೈಯಲ್ಲಿ ಉಳಿದ ಗಾಡಿ ಸಿಗುತ್ತದೆ. ಮಂಡಿಪೇಟೆ, ಚೌಕಿಪೇಟೆ ಕಡೆ ಬೇರೆ ಕಥೆ. ಅಲ್ಲಿ ದುಡಿಯುವ ಗಾಡಿಗಳು, ಮುಖ್ಯವಾಗಿ ಓಮ್ನಿ. ಹಿಂದಿನ ಸೀಟು ತೆಗೆದು ಚೀಲ ತುಂಬಿರುತ್ತಾರೆ.

ಆ ಕಿರಿದಾದ ಗಲ್ಲಿಗಳಲ್ಲಿ 800, ಓಮ್ನಿ ಇಷ್ಟು ಸಲೀಸಾಗಿ ತಿರುಗುವುದಕ್ಕೆ ಕಾರಣ ಜಪಾನಿನ ಒಂದು ನಿಯಮ. ಅಲ್ಲಿ ‘ಕೇ’ ಅನ್ನುವ ಚಿಕ್ಕ ಕಾರಿನ ವರ್ಗಕ್ಕೆ ತೆರಿಗೆ ಕಡಿಮೆ. 1976ರ ನಿಯಮದ ಪ್ರಕಾರ ಉದ್ದ 3.2 ಮೀಟರ್, ಅಗಲ 1.4 ಮೀಟರ್, ಎಂಜಿನ್ 550 ಸಿಸಿ ದಾಟುವಂತಿಲ್ಲ. ಸುಜುಕಿ ಆ ಅಳತೆಗೇ ಕಾರು ಮಾಡಿತು. ನಮಗೆ ಬಂದಾಗ ಎಂಜಿನ್ ಮಾತ್ರ 796 ಸಿಸಿಗೆ ಬೆಳೆಯಿತು.

ಇನ್ನೊಂದು ತಮಾಷೆ. ಜಪಾನಿನಲ್ಲಿ ಕಾರು ನಿಲ್ಲಿಸಲು ಸ್ವಂತ ಜಾಗ ಇದೆ ಅಂತ ತೋರಿಸಬೇಕು ಅನ್ನುವ ಕಾನೂನು 1962ರಿಂದಲೇ ಇದೆ. ರಾತ್ರಿಯಿಡೀ ರಸ್ತೆಯಲ್ಲಿ ಬಿಡುವಂತಿಲ್ಲ. ಹಾಗಾಗಿ ಅಲ್ಲಿನ ಹವ್ಯಾಸಿಗಳು ಮನೆಗಳ ಸಂದಿ, ಬಾಡಿಗೆ ಪಾರ್ಕಿಂಗ್ ಎಲ್ಲ ಇಣುಕಬೇಕು. ನಮ್ಮಲ್ಲಿ ಅರ್ಧ ಊರಿನ ಕಾರು ಬೀದಿಯಲ್ಲೇ ಮಲಗುತ್ತದೆ. ನಮ್ಮ ಅನುಕೂಲ ನಮಗೆ.

ಮೊದಲು ಕಣ್ಣು ಹೋಗಬೇಕಾದದ್ದು ನಂಬರ್ ಪ್ಲೇಟಿಗೆ. ಕೆಎ 17 ದಾವಣಗೆರೆ, ಕೆಎ 16 ಚಿತ್ರದುರ್ಗ. ಖಾಸಗಿ ಕಾರುಗಳಿಗೆ ಮೊದಲು ಎಂ ಸರಣಿ ಬಂತು, ಆಮೇಲೆ ಎನ್, ಪಿ, ಝಡ್, ಅದಾದ ಮೇಲೆ ಎಂಎ. ಹಾಗಾಗಿ ಒಂದೇ ‘ಎಂ’ ಕಂಡರೆ ಬೈಕು ನಿಲ್ಲಿಸಿಬಿಡುತ್ತೇನೆ. ಕೆಎ ಬರುವುದಕ್ಕೂ ಮುಂಚಿನ ಮೂರಕ್ಷರದ ನಂಬರ್ ಸಿಕ್ಕರಂತೂ ಆ ದಿನ ಹಬ್ಬ. ಎಚ್‌ಎಸ್‌ಆರ್‌ಪಿ ಬಂದ ಮೇಲೆ ಬಣ್ಣದಲ್ಲಿ ಬರೆಸಿದ ಚೆಂದದ ಪ್ಲೇಟುಗಳು ಹೋದವು, ಅದೊಂದು ಬೇಜಾರು. ಆದರೆ ಒಂದು ಉಪಯೋಗವೂ ಆಗಿದೆ. ಹಳೇ ಗಾಡಿಗೆ ಹೊಸ ಪ್ಲೇಟ್ ಇದ್ದರೆ ಅದರ ಕಾಗದಪತ್ರ ಜೀವಂತ ಇದೆ ಅಂತ ಅರ್ಥ. ಕೈಬರಹದ ಪ್ಲೇಟೇ ಇದ್ದು, ಟೈರು ಕೂತಿದ್ದರೆ, ಅದು ನಿಂತು ಕಾಲವಾಗಿದೆ. 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಆ ಶುಲ್ಕ 600 ರೂಪಾಯಿಯಿಂದ 5,000ಕ್ಕೆ ಏರಿತು. ಎಷ್ಟೋ ಜನ ಅಲ್ಲಿಗೇ ಕೈಬಿಟ್ಟು ಗುಜರಿಗೆ ಹಾಕಿದರು.

ಆಮೇಲೆ ಗುರುತು ಹಿಡಿಯುವ ಕೆಲಸ. 1986ರಲ್ಲಿ 800ರ ಬಾಡಿ ಬದಲಾಯಿತು. ಅದಕ್ಕೂ ಮುಂಚಿನದಕ್ಕೆ ಎಸ್‌ಎಸ್ 80 ಅಂತಾರೆ. ಮೂಲೆಗಳೆಲ್ಲ ಚೌಕ. ಹಿಂದುಗಡೆ ನೋಡಿದರೆ ಗೊಂದಲವೇ ಇಲ್ಲ: ಎಸ್‌ಎಸ್ 80ರಲ್ಲಿ ಹಿಂದಿನ ಗಾಜು ಮಾತ್ರ ಮೇಲೇಳುತ್ತದೆ, ನಂತರದ್ದರಲ್ಲಿ ಪೂರ್ತಿ ಬಾಗಿಲು. ಬೆಳಗ್ಗೆ ಚೋಕ್ ಎಳೆದು ಸ್ಟಾರ್ಟ್ ಮಾಡುವ ಸದ್ದು ಕೇಳಿದರೆ ಕಾರ್ಬೊರೇಟರ್ ಇರುವ ಹಳೇ ಗಾಡಿ ಅಂತ ಗೇಟಿನಾಚೆಯಿಂದಲೇ ಗೊತ್ತಾಗುತ್ತದೆ. ಜಿಪ್ಸಿಯಲ್ಲಿ ಬಾನೆಟ್ ನೋಡಬೇಕು. ಚಪ್ಪಟೆ ಇದ್ದರೆ 970 ಸಿಸಿಯ ಹಳೇದು, ಮಧ್ಯೆ ಉಬ್ಬಿದ್ದರೆ 1.3 ಲೀಟರ್‌ನ ಕಿಂಗ್. ಮಾರುತಿ 1000 ಮತ್ತು ಎಸ್ಟೀಮ್ ದೂರದಿಂದ ಅಣ್ಣ ತಮ್ಮಂದಿರ ಹಾಗೆ. ಹತ್ತಿರ ಹೋಗಿ ಡಿಕ್ಕಿ ಮೇಲಿನ ಹೆಸರು ಓದುವುದೇ ಸರಿ. ಮಾರುತಿ 1000ರ ಅಷ್ಟು ದೊಡ್ಡ ಬಾಡಿಗೆ ಅಷ್ಟು ಚಿಕ್ಕ ಎಂಜಿನ್ ಯಾಕೆ ಹಾಕಿದರೋ!

ಒಳಗೆ ಮಾತ್ರ ಜಪಾನಿ ಆಗಿರುವ ಗಾಡಿಗಳೂ ಇವೆ. ಪ್ರೀಮಿಯರ್ 118 ಎನ್‌ಇ ನೋಡಲು ಫಿಯೆಟ್ 124, ಎಂಜಿನ್ ಮಾತ್ರ ನಿಸಾನ್. ಕಾಂಟೆಸ್ಸಾ ಮೈ ಇಂಗ್ಲೆಂಡಿನ ವಾಕ್ಸಾಲ್, ನಂತರದವುಗಳಲ್ಲಿ ಎಂಜಿನ್ ಇಸುಜು. ಇವನ್ನು ಪಟ್ಟಿಗೆ ಸೇರಿಸಬೇಕೋ ಬೇಡವೋ ಅಂತ ಗೆಳೆಯರ ನಡುವೆ ಜಗಳ. ನಾನು ಸೇರಿಸುತ್ತೇನೆ. 1998ರ ಮೊದಲ ಹೋಂಡಾ ಸಿಟಿ, ಲ್ಯಾನ್ಸರ್, ಬಿಡದಿಯಲ್ಲಿ ತಯಾರಾದ ಕ್ವಾಲಿಸ್, ಇವೂ ಈಗ ಹಳೆಯವೇ. ಕ್ವಾಲಿಸ್ ಇನ್ನೂ ಸಾಕಷ್ಟು ಓಡಾಡುತ್ತಿವೆ, ಅದಕ್ಕೇ ಯಾರೂ ಫೋಟೋ ತೆಗೆಯುವುದಿಲ್ಲ. ಈಗಲೇ ತೆಗೆದಿಡಿ.

ತುಕ್ಕು ನೋಡಲು ನಾನು ಬಗ್ಗಿ ಬಾಗಿಲ ಕೆಳ ಅಂಚು, ಚಕ್ರದ ಕಮಾನು ನೋಡುತ್ತೇನೆ. ಆಗಿನ ಸುಜುಕಿಗಳ ತಗಡು ತೆಳು. ಮಂಗಳೂರಿನ ಮಳೆ, ಉಪ್ಪುಗಾಳಿಯಲ್ಲಿ ಬಾಳದ ಗಾಡಿ ನಮ್ಮ ಒಣ ಹವೆಯಲ್ಲಿ ಬಾಳುತ್ತದೆ. ಚಿತ್ರದುರ್ಗದ ಕಡೆ ಇನ್ನೂ ಒಣ. ಅಲ್ಲಿ ತುಕ್ಕಿಗಿಂತ ಬಿಸಿಲೇ ಶತ್ರು: ಬಣ್ಣ ಬೆಳ್ಳಗಾಗಿ, ಡ್ಯಾಶ್‌ಬೋರ್ಡ್ ಬಿರುಕು ಬಿಟ್ಟಿರುತ್ತದೆ.

ಮಾಲೀಕರು ಬಂದರೆ ಫೋನು ಕೆಳಗಿಳಿಸಿ ಮೊದಲು ನಮಸ್ಕಾರ ಹೇಳಬೇಕು. ಯಾಕೆಂದರೆ ಕಾರಿನ ಫೋಟೋ ತೆಗೆಯುವವನು ಸಾಲ ವಸೂಲಿಯವನೇ ಅಂತ ನಂಬಿಕೆ.

“ಯಾರ್ ತಮ್ಮಾ ನೀನು, ಫೈನಾನ್ಸ್‌ನೋನಾ?” ಅಂದರು ಒಬ್ಬ ಹಿರಿಯರು.

“ಅಲ್ಲ ಯಜಮಾನ್ರೆ, ಹಳೇ ಗಾಡಿ ಅಂದ್ರೆ ಇಷ್ಟ. ಎಷ್ಟನೇ ಇಸವಿದು?”

“ಎಂಬತ್ತೊಂಬತ್ತು. ಇದ್ರಾಗೆ ಏನೈತಪ್ಪಾ ಫೋಟೋ ತೆಗೆಯೋಕೆ?” ಅಂತ ಅಂದರೂ, ಮುಂದಿನ ಅರ್ಧ ಗಂಟೆ ಬಾನೆಟ್ ಎತ್ತಿ ತೋರಿಸಿದರು. ಬುಕ್ ಮಾಡಿ ಎಷ್ಟು ಕಾದದ್ದು, ಮಗಳ ಮದುವೆಗೆ ಇದರಲ್ಲೇ ಓಡಾಡಿದ್ದು, ಎಲ್ಲ ಬಂತು. “ಮಾರ್ತೀರಾ?” ಅಂತ ನಾನು ಯಾರನ್ನೂ ಕೇಳುವುದಿಲ್ಲ. ಆ ಮಾತು ಬಂದ ತಕ್ಷಣ ಮುಖ ಬದಲಾಗುತ್ತದೆ. ಬಾನೆಟ್ಟೂ ಮುಚ್ಚುತ್ತದೆ.

ಫೋಟೋ ಹಂಚುವಾಗ ನಂಬರ್ ಅಳಿಸುತ್ತೇನೆ, ಮನೆ ಕಾಣದ ಹಾಗೆ ಕತ್ತರಿಸುತ್ತೇನೆ. ಬೀದಿ ಹೆಸರು ನನ್ನ ಪುಸ್ತಕದಲ್ಲಿ ಮಾತ್ರ. ಎಸ್‌ಎಸ್ 80 ಒಂದು ಹರಿಹರದ ಕಡೆ ತಗಡಿನ ಶೆಡ್‌ನಲ್ಲಿದೆ ಅಂತ ಗ್ಯಾರೇಜಿನ ಮೇಸ್ತ್ರಿ ಹೇಳಿದ್ದಾರೆ. ಬರುವ ಭಾನುವಾರ ಅತ್ತ ಹೋಗುತ್ತೇನೆ.