ಸ್ಟರ್ನ್ ಡ್ರೈವ್‌ಗೆ ಯಾವ ಗೇರ್ ಆಯಿಲ್? ಅಂಗಡಿಗೆ ಹೋಗೋ ಮೊದ್ಲು ಹಳೇದನ್ನು ಇಳಿಸಿ ನೋಡಿ

ಮಲ್ಪೆ ಕಡೆ ಬೋಟ್ ಇಟ್ಕೊಂಡವ್ರು ಇಂಜಿನ್ ಆಯಿಲ್ ಬಗ್ಗೆ ಕೇಳಿದ್ರೆ ಅರ್ಧ ಗಂಟೆ ಮಾತಾಡ್ತಾರೆ, ಗೇರ್ ಆಯಿಲ್ ಅಂದ್ರೆ ಮಾತ್ರ "ಒಂದು 90 ನಂಬ್ರದ್ದು ಹಾಕಿದ್ರೆ ಆಯ್ತು ಮಾರಾಯ್ರೆ" ಅಂತ ಮುಗಿಸಿಬಿಡ್ತಾರೆ. ನಾನೂ ಹಾಗೇ ಇದ್ದದ್ದು. ಭಾವನ ಸ್ಪೀಡ್ ಬೋಟಿನ ಡ್ರೇನ್ ಸ್ಕ್ರೂ ಬಿಚ್ಚಿದ ದಿನ ಬಕೆಟಿಗೆ ಬಿದ್ದದ್ದು ಎಣ್ಣೆ ಅಲ್ಲ, ಹಾಲು ಜಾಸ್ತಿಯಾದ ಕಾಫಿ ತರದ್ದು ಎಂತದೋ, ನೀರು ಸೇರಿದ ಎಣ್ಣೆ ಹಾಗೆ ಕಾಣುದು. ಹಿಂದಿನ ವರ್ಷ ಸರ್ವಿಸ್ ಮಾಡಿದ ಮೆಕ್ಯಾನಿಕ್ಕು ಟ್ರ್ಯಾಕ್ಟರಿಗೆ ಹಾಕುವ 140 ಹಾಕಿದ್ರಂತೆ, ದಪ್ಪ ಎಣ್ಣೆ ಆದ್ರೆ ಉಪ್ಪು ನೀರು ಒಳಗೆ ಬರುದಿಲ್ಲ ಅಂತ ಅವ್ರ ಲೆಕ್ಕ. ನೀರು ತಡೆಯುವುದು ಸೀಲು, ಎಣ್ಣೆ ಅಲ್ಲ. ದಪ್ಪ ಎಣ್ಣೆಯಿಂದ ಗೇರು ತಿರುಗ್ಲಿಕ್ಕೆ ಕಷ್ಟಪಟ್ಟು ಬಿಸಿ ಜಾಸ್ತಿ ಆಗ್ತದೆ ಅಷ್ಟೇ.

ಮೊದ್ಲು ನಿಮ್ಮದು ಯಾವ ತರದ್ದು ಅಂತ ನೋಡಿ. ಟ್ರಾಲ್ ಬೋಟಿಗೆ ಇಂಜಿನ್ನೂ ಗೇರ್ ಬಾಕ್ಸೂ ಎರಡೂ ಒಳಗೆ, ನಾಡದೋಣಿಯ ಔಟ್‌ಬೋರ್ಡಿಗೆ ಎಲ್ಲವೂ ಹಿಂದೆ ಹೊರಗೆ. ಸ್ಟರ್ನ್ ಡ್ರೈವ್ ಎರಡರ ಮಧ್ಯದ್ದು, ಇಂಜಿನ್ ಒಳಗೆ, ಗೇರೂ ಪ್ರೊಪೆಲ್ಲರೂ ಇರುವ ಕಾಲು ಹೊರಗೆ. ವೋಲ್ವೋ ಪೆಂಟಾ ಕಂಪೆನಿ 1959ರಲ್ಲಿ ಆಕ್ವಾಮ್ಯಾಟಿಕ್ ಅಂತ ತಂದ ಮೇಲೆ ಇದು ಜನಕ್ಕೆ ಗೊತ್ತಾದದ್ದು. ಟ್ರಾಲ್ ಬೋಟಿನ ಎಷ್ಟೋ ಗೇರ್ ಬಾಕ್ಸಿಗೆ ಇಂಜಿನ್ ಆಯಿಲ್ಲೇ ಹಾಕುದು, ಹಾಗಂತ ಆ ಡಬ್ಬ ಇಲ್ಲಿಗೆ ತರ್ಬೇಡಿ. ಸ್ಟರ್ನ್ ಡ್ರೈವಲ್ಲಿ ಇಂಜಿನ್ನಿನ ಶಕ್ತಿ ಒಮ್ಮೆ ಮೇಲಿಂದ ಕೆಳಗೆ ತಿರುಗಿ, ಕೆಳಗೆ ಹೋಗಿ ಪುನಃ ಪ್ರೊಪೆಲ್ಲರ್ ಕಡೆ ತಿರುಗ್ತದೆ, ಎರಡು ಸಲ 90 ಡಿಗ್ರಿ ತಿರುವು, ಆ ತಿರುವಲ್ಲಿ ಹಲ್ಲಿಗೆ ಹಲ್ಲು ಒತ್ತುವ ಒತ್ತಡ ಜೋರು ಇರ್ತದೆ, ಅದಕ್ಕೇ ಗಂಧಕ-ರಂಜಕ ಸೇರಿದ ಪ್ರೆಷರ್ ತಡೆಯುವ ಆಯಿಲ್ ಬೇಕಾಗುದು.

ಇನ್ನು ಡಬ್ಬದ ಮೇಲಿನ ನಂಬರ್. ಗೇರ್ ಆಯಿಲ್ಲಿನ 90 ಕಂಡು ಹೆದರ್ಬೇಡಿ, ಇಂಜಿನ್ ಆಯಿಲ್ಲಿನ 40-50ಕ್ಕೆ ಹೆಚ್ಚುಕಮ್ಮಿ ಸಮ ಅದು, ಎರಡರ ಅಳತೆಗೋಲೇ ಬೇರೆ. 75ಡಬ್ಲ್ಯೂ-90, 80ಡಬ್ಲ್ಯೂ-90 ಅಂತ ಇದ್ರೆ ಡಬ್ಲ್ಯೂಗಿಂತ ಮೊದ್ಲು ಬರುವ ನಂಬರ್ ಚಳಿಯಲ್ಲಿ ಎಣ್ಣೆ ಹೇಗೆ ಹರೀತದೆ ಅಂತ ಹೇಳುದು, ನಮ್ಮ ಮಂಗಳೂರಿನ ಸೆಕೆಗೆ ಅದ್ರಿಂದ ದೊಡ್ಡ ಲಾಭ ಇಲ್ಲ, ಆದ್ರೂ ಮ್ಯಾನುಯಲ್ಲಲ್ಲಿ 75ಡಬ್ಲ್ಯೂ-90 ಸಿಂಥೆಟಿಕ್ ಅಂತ ಬರೆದಿದ್ರೆ ಅದನ್ನೇ ಹಾಕಿ, ಅಲ್ಲಿ ಸಿಂಥೆಟಿಕ್ ಕೇಳಿದ್ದು ಬಿಸಿ ತಡೀಲಿಕ್ಕೆ. ವೋಲ್ವೋ ಪೆಂಟಾದ ಹಲವು ಡ್ರೈವ್‌ಗಳು ಅದನ್ನೇ ಕೇಳ್ತವೆ, ಸ್ಟರ್ನ್ ಡ್ರೈವ್ ಮಾಡುವ ಇನ್ನೊಂದು ಕಂಪೆನಿ ಮರ್ಕ್ರೂಸರ್‌ನವ್ರು ತಮ್ಮ ಹೈ ಪರ್ಫಾರ್ಮೆನ್ಸ್ ಎಸ್‌ಎಇ 90 ಹಾಕಿ ಅಂತಾರೆ. ಜಿಎಲ್-4, ಜಿಎಲ್-5 ಅನ್ನೋದು ಪ್ರೆಷರ್ ತಡೆಯುವ ಶಕ್ತಿ, 5ರಲ್ಲಿ ಅದು ಜಾಸ್ತಿ. ಹಾಗಂತ 5 ಯಾವಾಗ್ಲೂ ಮೇಲು ಅಂತಲ್ಲ, ಕೋನ್ ಕ್ಲಚ್ (ಶಂಕುವಿನ ಆಕಾರದ್ದು, ಉಜ್ಜಿ ಹಿಡಿಯುವಂಥದ್ದು) ಇರುವ ಡ್ರೈವ್‌ಗೆ ಜಿಎಲ್-5 ಅಂತ ಬರೆದಿದೆ ಅಂತ ಕಾರಿನ ಲಿಮಿಟೆಡ್ ಸ್ಲಿಪ್ ಆಯಿಲ್, ಅಂದ್ರೆ ಉಜ್ಜುವಿಕೆ ಕಮ್ಮಿ ಮಾಡುವ ಮದ್ದು ಸೇರಿದ್ದು, ಹಾಕಿದ್ರೆ ಕ್ಲಚ್ಚು ಜಾರ್ಲಿಕ್ಕೆ ಶುರು. ಮ್ಯಾನುಯಲ್ ಕಳೆದುಹೋಗಿದ್ರೆ ಡ್ರೈವ್ ಮೇಲಿನ ಮಾಡೆಲ್ ನಂಬರಿನ ಫೋಟೋ ತೆಗ್ದು ಡೀಲರ್ ಹತ್ರ ಕೇಳಿ.

ಆದ್ರೆ ಸ್ಪೆಕ್ ಸರಿ ಇದ್ದ ಮಾತ್ರಕ್ಕೆ ಲಾರಿ ಗ್ಯಾರೇಜಿನ ಡಬ್ಬ ಸಾಲುದಿಲ್ಲ, ಡಬ್ಬದ ಮೇಲೆ ಮರೈನ್ ಅಂತ ಇರ್ಬೇಕು. ಮರೈನ್ ಗೇರ್ ಆಯಿಲ್ಲಿಗೆ ಸ್ವಲ್ಪ ನೀರು ಸೇರಿದ್ರೂ ಅದನ್ನು ತನ್ನೊಳಗೆ ಕಲಸಿಕೊಂಡು ಹಲ್ಲಿನ ಮೇಲೆ ಪದರ ಉಳಿಸುವ ಗುಣ ಇರ್ತದೆ, ತುಕ್ಕು ತಡೆಯುವ ಮದ್ದೂ ಇರ್ತದೆ, ರೇಟು ಜಾಸ್ತಿ ಇರುದು ಇದಕ್ಕೇ. ಇಡೀ ದಿನ ಓಡಿ ಬಿಸಿಯಾದ ಡ್ರೈವ್ ತಣ್ಣಗಾಗುವಾಗ ಒಳಗಿನ ಗಾಳಿ ಕುಗ್ತದೆ, ಸವೆದ ಸೀಲಿನ ಸಂದಿಯಿಂದ ನೀರನ್ನು ಎಳ್ಕೊಳ್ತದೆ. ಹಾಗೆ ಬಂದ ನೀರನ್ನು ಈ ಎಣ್ಣೆ ನಾಲ್ಕು ದಿನ ತಡ್ಕೊಳ್ತದೆ, ವರ್ಷಗಟ್ಲೆ ಅಲ್ಲ.

ಹಾಗಾಗಿ ಹೊಸದು ತರುವ ಮೊದ್ಲು ಹಳೇದನ್ನು ಇಳಿಸಿ. 100 ಗಂಟೆಗೆ ಅಥವಾ ವರ್ಷಕ್ಕೊಮ್ಮೆ ಯಾವುದು ಮೊದ್ಲೋ ಆಗ, ನಮ್ಮಲ್ಲಿ ಮಳೆಗಾಲಕ್ಕೆ ಬೋಟ್ ಮೇಲೆ ಎತ್ತುವಾಗ ಮಾಡಿದ್ರೆ ಒಳ್ಳೆದು, ನೀರು ಸೇರಿದ ಎಣ್ಣೆ ಎರಡು-ಮೂರು ತಿಂಗಳು ಒಳಗೇ ಕೂತ್ರೆ ಬೇರಿಂಗಿಗೆ ತುಕ್ಕು ಗ್ಯಾರಂಟಿ. ಮೊದ್ಲು ಕೆಳಗಿನ ಸ್ಕ್ರೂ, ಆಮೇಲೆ ಮೇಲಿನ ವೆಂಟ್ ಸ್ಕ್ರೂ ಬಿಚ್ಚಿ. ಮ್ಯಾಗ್ನೆಟ್ ಇರುವ ಸ್ಕ್ರೂ ಆದ್ರೆ ಅದ್ರಲ್ಲಿ ಬೂದಿ ತರ ನಯವಾದ ಕಬ್ಬಿಣದ ಪುಡಿ ಇದ್ರೆ ಚಿಂತೆ ಇಲ್ಲ, ಉಗುರಿಗೆ ಸಿಗುವಂಥ ಚೂರು ಬಂದ್ರೆ ಯಾವ ಆಯಿಲ್ ತಂದ್ರೂ ಪ್ರಯೋಜನ ಇಲ್ಲ, ಬಿಚ್ಚಿ ನೋಡ್ಲೇ ಬೇಕು. ಎಣ್ಣೆ ಬಿಳಿ ಕಂಡ್ರೆ ಒಂದು ಗಂಟೆ ಬಿಡಿ, ಗಾಳಿಗುಳ್ಳೆ ಆದ್ರೆ ತಿಳಿಯಾಗ್ತದೆ. ಆಗದಿದ್ರೆ ಒಂದು ಹಳೆ ತಗಡು ಬಿಸಿ ಮಾಡಿ, ಕನ್ನಡಕ ಹಾಕ್ಕೊಂಡು, ದೂರ ನಿಂತು ಒಂದೇ ಹನಿ ಬಿಡಿ. ಒಗ್ಗರಣೆ ಸಾಸಿವೆ ತರ ಚಟಪಟ ಅಂದ್ರೆ ನೀರು ಉಂಟು.

ಭಾವನ ಬೋಟಲ್ಲಿ ಪ್ರೊಪೆಲ್ಲರ್ ಕಳಚಿದಾಗ ಗೊತ್ತಾಯ್ತು, ಶಾಫ್ಟಿಗೆ ಗಾಳದ ನೈಲಾನ್ ದಾರ ಬಿಗಿಯಾಗಿ ಸುತ್ತಿ ಸೀಲಿನ ತುಟಿಯನ್ನೇ ಕೊಯ್ದಿತ್ತು. ಬಂದರಿನ ಹತ್ರ ಓಡಿಸುವವ್ರಿಗೆ ಇದು ತಪ್ಪಿದ್ದಲ್ಲ, ಹಾಗಾಗಿ ಆಗಾಗ ಪ್ರೊಪೆಲ್ಲರ್ ತೆಗ್ದು ನೋಡಿ.

ತುಂಬಿಸುದು ಕೆಳಗಿಂದ. ಮೇಲಿಂದ ಕೊಳವೆ ಇಟ್ಟು ಸುರಿದ್ರೆ ಗಾಳಿ ಒಳಗೇ ಸಿಕ್ಕಿಬೀಳ್ತದೆ. ಕೆಳಗಿನ ತೂತಿಗೆ ಪಂಪ್ ಸಿಕ್ಕಿಸಿ ಒತ್ತಿ, ಮೇಲಿನ ವೆಂಟಿಂದ ಗುಳ್ಳೆ ಇಲ್ಲದ ಎಣ್ಣೆ ಬರುವವರೆಗೆ, ಆಮೇಲೆ ಮೊದ್ಲು ಮೇಲಿನ ಸ್ಕ್ರೂ ಹಾಕಿ, ಆಗ ಪಂಪ್ ತೆಗೆದ್ರೂ ಎಣ್ಣೆ ಸುರೀದಿಲ್ಲ, ಪಟ್ಟಂತ ಕೆಳಗಿನದ್ದು ಹಾಕಿ. ಎರಡಕ್ಕೂ ಹೊಸ ವಾಷರ್ ಹಾಕಿ, ಹತ್ತಿಪ್ಪತ್ತು ರೂಪಾಯಿ ಉಳಿಸ್ಲಿಕ್ಕೆ ಹೋಗಿ ಹಳೇ ವಾಷರಿಂದಲೇ ನೀರು ಬಂದ ಕತೆ ಎಷ್ಟೋ ಉಂಟು. ಮೊದಲ ಸಲ ಓಡಿಸಿ ಬಂದು ಬೋಟ್ ನಿಲ್ಲಿಸಿದ ಮೇಲೆ ಡ್ರೈವ್ ಸುತ್ತ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ ಏಳ್ತದಾ ನೋಡಿ, ಎದ್ರೆ ಅವತ್ತೇ ಪುನಃ ಬೋಟ್ ಮೇಲೆ ಎತ್ತಿಸಿ.