ಗುಲಾಬಿಗೆ ಹೊಸ ಕುಂಡ: ಮೊದಲು ಬೇರು ಬಿಡಿಸಿ

ಪ್ರತಿ ವರ್ಷ ಏಪ್ರಿಲ್ ಬಂದರೆ ನಮ್ಮ ಓಣಿಯಲ್ಲಿ ಒಂದೆರಡು ಗುಲಾಬಿ ಕುಂಡ ಹಿತ್ತಲಿಗೆ ಹೋಗುತ್ತವೆ. ಗಿಡ ಒಣಗಿ ಕಟ್ಟಿಗೆಯಾಗಿರುತ್ತದೆ. "ಕಲಬುರಗಿ ಬಿಸಲಿಗೆ ಗುಲಾಬಿ ತಡೀತಾವೇನ್ರಿ?" ಎಂದು ಕೇಳುತ್ತಾರೆ. ತಡೆಯುತ್ತವೆ. ನಮ್ಮ ಮಾಳಿಗೆ ಮೇಲೆ ಎಂಟು ವರ್ಷದ ಪೊದೆ ಗುಲಾಬಿ ಇದೆ, ಇವತ್ತಿಗೂ ಗೊಂಚಲು ಗೊಂಚಲಾಗಿ ಹೂ ಬಿಡುತ್ತದೆ.

ಹಾಗೆ ಸತ್ತ ಗಿಡಗಳ ಕುಂಡ ಮಗುಚಿ ನೋಡುವ ರೂಢಿ ನನಗಿದೆ. ಹೆಚ್ಚಿನ ಸಲ ಒಳಗೆ ಸಿಗುವುದು ಒಂದೇ. ನರ್ಸರಿಯಿಂದ ಬರುವಾಗ ಇದ್ದ ಗಟ್ಟಿ ಕೆಂಪು ಮಣ್ಣಿನ ಉಂಡೆ, ಹೇಗಿತ್ತೋ ಹಾಗೇ. ಸುತ್ತ ಹಾಕಿದ ಒಳ್ಳೆ ಮಣ್ಣಿಗೆ ಒಂದು ಬೇರೂ ದಾಟಿರುವುದಿಲ್ಲ. ಹಾಕಿದ ನೀರು ಉಂಡೆಯ ಸುತ್ತ ಇಳಿದು ತೂತಿನಿಂದ ಹೋಗಿಬಿಡುತ್ತದೆ. ಉಂಡೆಯ ಒಳಗೆ ಇಟ್ಟಿಗೆಯಂಥ ಒಣ ಮಣ್ಣು. ಚಳಿಗಾಲದಲ್ಲಿ ಗಿಡ ಹೇಗೋ ದಿನ ನೂಕುತ್ತದೆ. ಬಿಸಿಲು 42 ಡಿಗ್ರಿ ಮುಟ್ಟಿದಾಗ ಅದಕ್ಕೆ ಬೇಕಾದಷ್ಟು ನೀರು ಎಳೆದುಕೊಡಲು ಬೇರೇ ಇರುವುದಿಲ್ಲ. ಕುಂಡ ಬದಲಿಸಿದ ದಿನ ಆದ ತಪ್ಪು ಬೇಸಿಗೆಯಲ್ಲಿ ಕಾಣುತ್ತದೆ, ನಾವು ಬಿಸಿಲನ್ನು ಬೈಯುತ್ತೇವೆ.

1. ಯಾವಾಗ

ದೀಪಾವಳಿ ಮುಗಿದ ಮೇಲೆ, ಡಿಸೆಂಬರ್-ಜನವರಿಯಲ್ಲಿ ಬರುವ ಎಳ್ಳಮವಾಸ್ಯೆಗೆ ಮುಂಚೆ. ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗೂ ಇದೇ ಸರಿಯಾದ ಹೊತ್ತು. ಮಳೆ ನಿಂತಿರುತ್ತದೆ, ಬಿಸಿಲು ಹಿತವಾಗಿರುತ್ತದೆ. ಬೇಸಿಗೆ ಬರುವುದರೊಳಗೆ ಹೊಸ ಬೇರಿಗೆ ಮೂರು ತಿಂಗಳಾದರೂ ಸಿಗುತ್ತದೆ. ಹೋಳಿ ಆಗಿ ಶರಣಬಸವೇಶ್ವರ ಜಾತ್ರೆ ಬಂತೆಂದರೆ ಆ ವರ್ಷಕ್ಕೆ ಕೈ ಬಿಡಿ, ಮುಂದಿನ ದೀಪಾವಳಿಗೆ ನೋಡಿದರಾಯಿತು.

ಗಿಡಕ್ಕೆ ಕುಂಡ ಸಾಲುತ್ತಿಲ್ಲ ಎಂದು ತಿಳಿಯುವುದು ಸುಲಭ. ತಳದ ತೂತಿನಿಂದ ಬೇರು ಇಣುಕುತ್ತದೆ. ಬೆಳಿಗ್ಗೆ ನೀರು ಹಾಕಿದರೂ ಮಧ್ಯಾಹ್ನಕ್ಕೆ ಎಲೆ ಜೋಲು ಬೀಳುತ್ತದೆ. ಹೂ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತದೆ. ಇದ್ಯಾವುದೂ ಕಾಣದಿದ್ದರೂ ಎರಡು ಮೂರು ವರ್ಷಕ್ಕೊಮ್ಮೆ ಮಣ್ಣು ಬದಲಿಸಲೇಬೇಕು.

2. ಕುಂಡ

ಈಗಿರುವುದಕ್ಕಿಂತ ಎರಡು ಇಂಚು ಅಗಲ ಜಾಸ್ತಿ ಇದ್ದರೆ ಸಾಕು. ಬೆಳೆದ ಪೊದೆ ಗುಲಾಬಿಗೆ 14 ಇಂಚಿನದು ಬೇಕು, ಆಳವೂ ಅಷ್ಟೇ ಇರಲಿ. ಸಣ್ಣ ಗಿಡವನ್ನು ಒಮ್ಮೆಲೇ ದೊಡ್ಡ ಕುಂಡಕ್ಕೆ ಹಾಕಬೇಡಿ. ಬೇರು ಮುಟ್ಟದ ಮಣ್ಣು ಬಹಳ ದಿನ ಹಸಿಯಾಗೇ ಉಳಿದು ಬೇರು ಕೊಳೆಯುತ್ತದೆ.

ನಾನು ಮಣ್ಣಿನ ಕುಂಡ ಬಿಟ್ಟು ಬೇರೆ ತರುವುದಿಲ್ಲ. ಅದರ ಮೈಯಿಂದ ನೀರು ಆರುತ್ತದೆ, ಹಾಗಾಗಿ ಒಳಗಿನ ಬೇರು ತಂಪಾಗಿರುತ್ತದೆ. ಮನೆಯಲ್ಲಿ ನೀರಿನ ಗಡಿಗೆ ತಂಪಾಗುವುದೂ ಹಾಗೇ ಅಲ್ವಾ? ನೀರು ಸ್ವಲ್ಪ ಜಾಸ್ತಿ ಬೇಕಾಗುತ್ತದೆ, ಅಷ್ಟೇ. ಕಪ್ಪು ಪ್ಲಾಸ್ಟಿಕ್ ಕುಂಡ ನಮ್ಮ ಮೇ ಬಿಸಿಲಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ, ಅದರ ಗೋಡೆಗೆ ಅಂಟಿದ ಬೇರು ಬೆಂದುಹೋಗುತ್ತದೆ. ಹೊಸ ಸಿಮೆಂಟ್ ಕುಂಡ ಸುಣ್ಣ ಬಿಡುತ್ತದೆ. ಮಣ್ಣಿನದು ತಂದರೆ ಹಿಂದಿನ ರಾತ್ರಿ ನೀರಲ್ಲಿ ಮುಳುಗಿಸಿಡಿ. ಇಲ್ಲದಿದ್ದರೆ ನೀವು ಹಾಕುವ ಮೊದಲ ನೀರನ್ನೆಲ್ಲ ಅದೇ ಕುಡಿಯುತ್ತದೆ.

ತಳದಲ್ಲಿ ಜಲ್ಲಿಕಲ್ಲು ತುಂಬಿಸುವುದನ್ನು ದಯವಿಟ್ಟು ಬಿಡಿ. ನೀರು ಸಲೀಸಾಗಿ ಹೋಗುತ್ತದೆ ಎಂದು ಎಲ್ಲರೂ ಮೂರು ಇಂಚು ಕಲ್ಲು ಹಾಕುತ್ತಾರೆ. ಆಗುವುದು ತಿರುವುಮುರುವು. ನುಣುಪು ಮಣ್ಣಿನಲ್ಲಿರುವ ನೀರು ಕೆಳಗಿನ ದಪ್ಪ ಕಲ್ಲಿಗೆ ಬೇಗ ಇಳಿಯುವುದಿಲ್ಲ, ಕಲ್ಲಿನ ಮೇಲಿನ ಮಣ್ಣಿನಲ್ಲೇ ನಿಲ್ಲುತ್ತದೆ. ಬೇರಿಗೆ ಸಿಗಬೇಕಾದ ಜಾಗವೂ ಹೋಗುತ್ತದೆ. ತೂತಿನ ಮೇಲೆ ಒಂದು ಹಂಚಿನ ಚೂರನ್ನು ಬೋರಲಾಗಿ ಇಡಿ, ಅಥವಾ ಸೊಳ್ಳೆ ಜಾಲರಿ ತುಂಡು ಹಾಕಿ. ಮಣ್ಣು ಕೊಚ್ಚಿ ಹೋಗದಿದ್ದರೆ ಸಾಕು.

3. ಮಣ್ಣು

ಎರಡು ಬುಟ್ಟಿ ಕೆಂಪು ಮಣ್ಣು, ಒಂದು ಬುಟ್ಟಿ ಪೂರ್ತಿ ಕಳಿತ ತಿಪ್ಪೆ ಗೊಬ್ಬರ, ಒಂದು ಬುಟ್ಟಿ ದಪ್ಪ ಉಸುಕು, ಎರಡು ಹಿಡಿ ಬೇವಿನ ಹಿಂಡಿ. ಇದು ಬಿಟ್ಟು ಬೇರೇನೂ ಬೇಡ.

ಬೀದರ್‌ನವರಿಗೆ ಕೆಂಪು ಮಣ್ಣು ಊರಲ್ಲೇ ಸಿಗುತ್ತದೆ. ಕಲಬುರಗಿ, ಯಾದಗಿರಿ ಕಡೆ ಕೈಗೆ ಸಿಗುವುದು ಎರೆಮಣ್ಣು. ತೊಗರಿಗೆ ಅದು ಬಂಗಾರದಂಥ ಮಣ್ಣು. ಕುಂಡದಲ್ಲಿ ಮಾತ್ರ ಹಸಿಯಾದಾಗ ಉಬ್ಬಿ ಅಂಟಾಗುತ್ತದೆ, ಒಣಗಿದಾಗ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕಿನ ಜೊತೆ ಸಣ್ಣ ಬೇರು ತುಂಡಾಗುತ್ತದೆ. ಸ್ವಲ್ಪ ದೂರ ಹೋಗಿಯಾದರೂ ಮಸಾರಿ, ಅಂದರೆ ಕೆಂಪು ಮಣ್ಣು ತನ್ನಿ.

ಗೊಬ್ಬರ ಕೈಯಲ್ಲಿ ಹಿಡಿದರೆ ಮಣ್ಣಿನ ವಾಸನೆ ಬರಬೇಕು, ಸಗಣಿ ವಾಸನೆ ಬಂದರೆ ಇನ್ನೂ ಹಸಿ. ಒಮ್ಮೆ ಅವಸರದಲ್ಲಿ ಅರ್ಧ ಕಳಿತದ್ದನ್ನು ಹಾಕಿದ್ದೆ. ಅದರ ಜೊತೆ ಬಿಳಿ ಗೊಣ್ಣೆ ಹುಳು ಬಂದು ಆರು ತಿಂಗಳಲ್ಲಿ ಬೇರನ್ನೆಲ್ಲ ತಿಂದವು. ನನ್ನ ತಾಯಿ ನೆಟ್ಟ ಗಿಡ ಅದು. ಆ ನೋವು ಇನ್ನೂ ಹೋಗಿಲ್ಲ. ಅದಕ್ಕೇ ಈಗ ಗೊಬ್ಬರವನ್ನು ಜರಡಿ ಹಿಡಿಯದೆ ಮುಟ್ಟುವುದಿಲ್ಲ.

ಮೊಟ್ಟೆ ಸಿಪ್ಪೆ ಪುಡಿ ಹಾಕಿ ಎಂದು ಬಹಳ ಜನ ಹೇಳುತ್ತಾರೆ. ನಮ್ಮ ಊರಿಗೆ ಅದು ಬೇಡ. ಶಹಾಬಾದ್, ವಾಡಿ, ಸೇಡಂ ಸುತ್ತ ನೆಲದಡಿ ಇರುವುದೇ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲಿಗೆ ಬಂದದ್ದೂ ಅದಕ್ಕೇ. ಬೋರ್‌ವೆಲ್ ನೀರಲ್ಲೇ ಸುಣ್ಣ ಬೇಕಾದಷ್ಟು ಬರುತ್ತದೆ. ಗುಲಾಬಿಗೆ ಸ್ವಲ್ಪ ಹುಳಿ ಮಣ್ಣು ಇಷ್ಟ, ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ 6ರಿಂದ 6.5ರವರೆಗೆ. ಸುಣ್ಣ ಜಾಸ್ತಿಯಾದರೆ ಮಣ್ಣಲ್ಲಿ ಕಬ್ಬಿಣ ಇದ್ದರೂ ಗಿಡ ಎಳೆದುಕೊಳ್ಳಲಾರದು. ಆಗ ಚಿಗುರೆಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ.

ಬರೀ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿಸಿ 'ರೆಡಿ ಮಿಕ್ಸ್' ಎಂದು ಮಾರುವ ಚೀಲಗಳನ್ನೂ ತರಬೇಡಿ. 

4. ಕತ್ತರಿಸಿ, ಕಟ್ಟಿ, ಹೊರಗೆ ತೆಗೆಯಿರಿ

ಹಿಂದಿನ ಸಂಜೆ ನೀರು ಹಾಕಿ. ಮರುದಿನ ಮೂರರಲ್ಲಿ ಒಂದು ಪಾಲು ಕೊಂಬೆ ಕತ್ತರಿಸಿ, ಹೊರಕ್ಕೆ ಮುಖ ಮಾಡಿದ ಚಿಗುರು ಕಣ್ಣಿನ ಸ್ವಲ್ಪ ಮೇಲೆ, ಓರೆಯಾಗಿ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು ಪೂರ್ತಿ ಹೋಗಲಿ. ಹೂ ಇದ್ದರೆ ಅದನ್ನೂ ಕೊಯ್ದುಬಿಡಿ. ಉಳಿದ ಕೊಂಬೆಗಳನ್ನು ಹಳೆ ಸೀರೆ ಪಟ್ಟಿಯಿಂದ ಸಡಿಲವಾಗಿ ಕಟ್ಟಿದರೆ ಮುಳ್ಳು ಮುಖಕ್ಕೆ ಬರುವುದಿಲ್ಲ.

ಕಾಂಡ ಹಿಡಿದು ಮಾತ್ರ ಎಳೆಯಬೇಡಿ. ಹಳೆ ಚಾಕುವನ್ನು ಕುಂಡದ ಗೋಡೆ ಗುಂಟ ಒಂದು ಸುತ್ತು ಆಡಿಸಿ. ಕುಂಡ ಅಡ್ಡ ಮಲಗಿಸಿ ಮೈ ತಟ್ಟಿ. ತೂತಿನಿಂದ ಒಂದು ಕಡ್ಡಿ ಹಾಕಿ ನೂಕಿ. ಇಷ್ಟಾದರೂ ಬರದಿದ್ದರೆ ಕುಂಡ ಒಡೆಯಿರಿ. ಕುಂಡ ಇನ್ನೊಂದು ಸಿಗುತ್ತದೆ.

5. ಬೇರು

ಇಲ್ಲಿಗೆ ಬಂದ ಮೇಲೆ ಅವಸರ ಮಾಡಬೇಡಿ. ನೆರಳಲ್ಲಿ ಕೂರಿ. ಹಸಿ ಗೋಣಿಚೀಲ ಒಂದು ಪಕ್ಕದಲ್ಲಿ ಇರಲಿ. ಗುಲಾಬಿಯ ಸಣ್ಣ ಬೇರು ನಮ್ಮ ಒಣ ಗಾಳಿಗೆ ಕೆಲವೇ ನಿಮಿಷದಲ್ಲಿ ಒಣಗುತ್ತದೆ. ಯಾರಾದರೂ ಕರೆದರೆ, ಫೋನ್ ಬಂದರೆ, ಮೊದಲು ಚೀಲ ಮುಚ್ಚಿ ಆಮೇಲೆ ಏಳಿ.

ಜನ ಎರಡು ತರಹದ ತಪ್ಪು ಮಾಡುವುದನ್ನು ನೋಡಿದ್ದೇನೆ. ಒಬ್ಬರು ಉಂಡೆಯನ್ನು ಮುಟ್ಟುವುದೇ ಇಲ್ಲ, ಹಾಗೇ ಎತ್ತಿ ಹೊಸ ಕುಂಡದಲ್ಲಿ ಇಡುತ್ತಾರೆ. ಇನ್ನೊಬ್ಬರು ಖುರ್ಪಿಯಿಂದ ಕುಟ್ಟುತ್ತಾರೆ. ಪಕ್ಕದ ಮನೆ ಕಾಕಾ ಹಾಗೆ ಕುಟ್ಟುವಾಗ ನಾನು ಓಡಿ ಹೋಗಿ ಕೈ ಹಿಡಿದೆ. ಅಷ್ಟರಲ್ಲಿ ನೀರು ಕುಡಿಯುವ ಎಳೆ ಬೇರೆಲ್ಲ ಮಣ್ಣಿನ ಹೆಂಟೆಯ ಜೊತೆ ಕಿತ್ತು ಬಂದಿತ್ತು. ಕೈಯಲ್ಲಿ ಉಳಿದದ್ದು ಮೂರು ದಪ್ಪ ಬೇರು.

ನರ್ಸರಿಯ ಗಟ್ಟಿ ಉಂಡೆಯಾದರೆ ಕೆಲಸವನ್ನು ನೀರಿಗೆ ಬಿಡಿ. ಬಕೆಟ್ ನೀರಲ್ಲಿ ಉಂಡೆಯನ್ನು ಅರ್ಧ ಗಂಟೆ ಮುಳುಗಿಸಿ. ಗುಳ್ಳೆ ಏಳುವುದು ನಿಂತ ಮೇಲೆ, ಮಗುವಿನ ತಲೆ ತೊಳೆದ ಹಾಗೆ ಬೆರಳಾಡಿಸಿ ಮೆಲ್ಲಗೆ ಅಲ್ಲಾಡಿಸಿ. ಮಣ್ಣು ತಾನೇ ಕರಗಿ ಇಳಿಯುತ್ತದೆ. ನಡುವೆ ಒಂದು ಮುಷ್ಟಿಯಷ್ಟು ಉಳಿದರೆ ಉಳಿಯಲಿ, ಒತ್ತಾಯ ಬೇಡ.

ಹಳೆ ಕುಂಡದಲ್ಲಿ ವರ್ಷಗಟ್ಟಲೆ ಇದ್ದ ಗಿಡದ್ದು ಬೇರೆ ಕಥೆ. ಅಲ್ಲಿ ಬೇರು ಕುಂಡದ ಆಕಾರಕ್ಕೇ ಸುತ್ತಿ ಸಿಂಬಿಯಾಗಿರುತ್ತದೆ. ಸುತ್ತಿದ ಬೇರು ಹೊಸ ಮಣ್ಣಲ್ಲೂ ಸುತ್ತುತ್ತಲೇ ಇರುತ್ತದೆ, ಹೊರಗೆ ಹರಡುವುದಿಲ್ಲ. ಹರಿತ ಚಾಕುವಿನಿಂದ ತಳದ ಒಂದೂವರೆ ಇಂಚು ಸೀದಾ ಕತ್ತರಿಸಿ ತೆಗೆಯಿರಿ. ಮೈ ಮೇಲೆ ಮೂರು ನಾಲ್ಕು ಕಡೆ ಮೇಲಿನಿಂದ ಕೆಳಕ್ಕೆ ಅರ್ಧ ಇಂಚು ಆಳದ ಗೀರು ಹಾಕಿ. ಆಮೇಲೆ ಕಡ್ಡಿಯಿಂದ ಹೊರಗಿನ ಒಂದು ಇಂಚು ಮಣ್ಣನ್ನು ಬಿಡಿಸಿ, ಬೇರಿನ ತುದಿಗಳು ಗಡ್ಡದ ಹಾಗೆ ಇಳಿಬೀಳಬೇಕು. ಕತ್ತರಿ ಹಾಕಲು ಹೆದರಬೇಡಿ. ಕಡಿದ ಕಡೆಯಿಂದಲೇ ಹೊಸ ಎಳೆ ಬೇರು ಒಡೆಯುತ್ತದೆ. ನೀವು ಮೇಲಿನ ಕೊಂಬೆಯನ್ನೂ ಕತ್ತರಿಸಿದ್ದೀರಲ್ಲ, ಉಳಿದ ಬೇರು ಅದಕ್ಕೆ ಸಾಲುತ್ತದೆ. ಆದರೆ ಒಟ್ಟು ಬೇರಿನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೆಗೆಯಬೇಡಿ.

ಬೇರನ್ನು ಕಣ್ಣಿಂದ ನೋಡಿ, ಮೂಗಿಂದಲೂ ನೋಡಿ. ಬಿಳಿ, ತಿಳಿ ಕಂದು ಬಣ್ಣದ ಗಟ್ಟಿ ಬೇರು ಒಳ್ಳೆಯದು. ಕಪ್ಪಾಗಿ, ಒತ್ತಿದರೆ ಸಿಪ್ಪೆ ಜಾರಿ, ಹುಳಿತ ವಾಸನೆ ಬಂದರೆ ಕೊಳೆತದ್ದು. ಒಳ್ಳೆ ಭಾಗ ಸಿಗುವವರೆಗೆ ಕತ್ತರಿಸುತ್ತಾ ಹೋಗಿ, ಪ್ರತಿ ಸಲ ಚಾಕು ಒರೆಸಿಕೊಳ್ಳಿ. ಕೊಕ್ಕೆಯ ಹಾಗೆ ಬಾಗಿದ ಬಿಳಿ ಹುಳು ಕಂಡರೆ ಹಳೆ ಮಣ್ಣನ್ನೆಲ್ಲ ತೊಳೆದು ತೆಗೆಯಿರಿ.

ಕಾಡು ಗುಲಾಬಿಯ ಬುಡಕ್ಕೆ ನಿಮ್ಮ ಗುಲಾಬಿಯನ್ನು ಕಸಿ ಕಟ್ಟಿದ ಕಡೆ ಒಂದು ಗಂಟು ಇರುತ್ತದೆ. ಈ ಕಸಿ ಗಂಟಿನ ಕೆಳಗಿನಿಂದ ಚಿಗುರು ಎದ್ದಿದೆಯೇ ಎಂದೂ ಈಗಲೇ ನೋಡಿ. ಅದು ಕಾಡು ಗುಲಾಬಿಯ ಚಿಗುರು, ಬಿಟ್ಟರೆ ನಿಮ್ಮ ಗಿಡವನ್ನೇ ನುಂಗುತ್ತದೆ. ಕತ್ತರಿಸಿದರೆ ಮತ್ತೆ ಬರುತ್ತದೆ. ಹುಟ್ಟಿದ ಜಾಗದಿಂದಲೇ ಹಿಡಿದು ಕೆಳಮುಖವಾಗಿ ಕಿತ್ತುಬಿಡಿ.

6. ಕೂರಿಸುವುದು

ಕುಂಡದ ತಳಕ್ಕೆ ಮಣ್ಣು ಹಾಕಿ ನಡುವೆ ಗುಡ್ಡೆ ಮಾಡಿ. ಗುಡ್ಡೆ ಮೇಲೆ ಗಿಡ ಇಟ್ಟು ಬೇರನ್ನು ಎಲ್ಲಾ ಕಡೆ ಹರಡಿ. ಕಸಿ ಗಂಟು ಮಣ್ಣಿಗಿಂತ ಒಂದು ಇಂಚು ಮೇಲಿರಬೇಕು. ಗಂಟನ್ನು ಹೂಳಬೇಕು ಎಂದು ಯೂಟ್ಯೂಬ್‌ನಲ್ಲಿ ತೋರಿಸುವವರು ಹಿಮ ಬೀಳುವ ದೇಶದವರು. ಅಲ್ಲಿ ಗಂಟಿಗೆ ಚಳಿಯ ಭಯ, ನಮಗೆ ಆ ಭಯ ಇಲ್ಲ.

ಮಣ್ಣು ಸ್ವಲ್ಪ ಸ್ವಲ್ಪ ಹಾಕುತ್ತಾ ಕಡ್ಡಿಯಿಂದ ಬೇರಿನ ಸಂದಿಗೆ ಇಳಿಸಿ. ಟೊಳ್ಳು ಉಳಿದರೆ ಅಲ್ಲಿ ಬೇರು ಒಣಗುತ್ತದೆ. ಕುಂಡವನ್ನು ಎರಡು ಸಲ ನೆಲಕ್ಕೆ ಮೆಲ್ಲಗೆ ಕುಕ್ಕಿ. ಮುಷ್ಟಿಯಿಂದ ಗುದ್ದಿ ತುಂಬಬೇಡಿ. ಮೇಲೆ ಎರಡು ಇಂಚು ಖಾಲಿ ಬಿಡಿ, ನೀರು ನಿಲ್ಲಲು. ತೂತಿನಿಂದ ಹರಿಯುವವರೆಗೆ ನೀರು ಹಾಕಿ, ಹತ್ತು ನಿಮಿಷ ಬಿಟ್ಟು ಇನ್ನೊಮ್ಮೆ ಹಾಕಿ.

7. ಆಮೇಲೆ

ಹತ್ತು ದಿನ ಬೆಳಕಿರುವ ನೆರಳು. ಮತ್ತೊಂದು ವಾರ ಬೆಳಗಿನ ಬಿಸಿಲು ಮಾತ್ರ. ಆಮೇಲೆ ಮಾಳಿಗೆ.

ಮೊದಲ ವಾರ ಎಲೆ ಉದುರುತ್ತವೆ. ಇದನ್ನು ಕಂಡು ಗಾಬರಿಯಾಗಿ ದಿನಕ್ಕೆ ಮೂರು ಹೊತ್ತು ನೀರು ಸುರಿಯುತ್ತಾರೆ, ಗೊಬ್ಬರ ಹಾಕುತ್ತಾರೆ. ಎರಡೂ ಬೇಡ. ಬೆರಳನ್ನು ಒಂದು ಇಂಚು ಒಳಗೆ ಇಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಹಾಕಿ. ಡಿಎಪಿ ರಾಸಾಯನಿಕ ಗೊಬ್ಬರದ ಕಾಳು ಎಳೆ ಬೇರಿಗೆ ತಾಗಿದರೆ ಸುಡುತ್ತದೆ. ಹೊಸ ಚಿಗುರು ಎರಡು ಬೆರಳು ಉದ್ದ ಬರುವವರೆಗೆ, ಅಂದರೆ ಸುಮಾರು ಐದು ವಾರ, ಯಾವ ಗೊಬ್ಬರವೂ ಬೇಡ.

ಕುಂಡವನ್ನು ನೆಲಕ್ಕೆ ಹಾಸಿದ ಫರಸಿ ಕಲ್ಲಿನ ಮೇಲೆ ನೇರವಾಗಿ ಇಡಬೇಡಿ. ಎರಡು ಇಟ್ಟಿಗೆ ಕೊಡಿ. ಬೇಸಿಗೆಯಲ್ಲಿ ಶಹಾಬಾದ್ ಕಲ್ಲು ಕಾದು ತಳದ ಬೇರನ್ನು ಬೇಯಿಸುತ್ತದೆ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಬಿಸಿಲಿಗೆ ಹಸಿರು ಜಾಲರಿ ಕಟ್ಟಿ, ಮಣ್ಣಿನ ಮೇಲೆ ಎರಡು ಇಂಚು ತೊಗರಿ ಹೊಟ್ಟು ಹಾಸಿ, ಕಾಂಡಕ್ಕೆ ತಾಗದ ಹಾಗೆ.

ಬೋರ್‌ವೆಲ್ ನೀರೇ ಹಾಕುವವರ ಕುಂಡದ ಅಂಚಿಗೆ ಕೆಲವು ತಿಂಗಳಲ್ಲಿ ಬಿಳಿ ಪುಡಿ ಕಟ್ಟುತ್ತದೆ, ಅದು ಉಪ್ಪು ಮತ್ತು ಸುಣ್ಣ. ಮೇಲಿನ ಅರ್ಧ ಇಂಚು ಮಣ್ಣು ಕೆರೆದು ತೆಗೆದು ಹೊಸದು ಹಾಕಿ. ತಿಂಗಳಿಗೊಮ್ಮೆ ಕುಂಡಕ್ಕೆ ಎರಡು ಬಕೆಟ್ ನೀರು ನಿಧಾನವಾಗಿ ಹಾಯಿಸಿ, ಕೆಳಗಿನಿಂದ ಪೂರ್ತಿ ಹರಿದು ಹೋಗಲಿ. ಮಳೆಗಾಲದಲ್ಲಿ ಮಾಳಿಗೆ ಪೈಪಿಗೆ ಒಂದು ಡ್ರಮ್ ಇಟ್ಟುಕೊಂಡರೆ ಹಾಯಿಸಲು ಆ ನೀರನ್ನೇ ಬಳಸಿ.